ಬಿಡ್ಸು

ಪಾರ್ಶ್ವವಾಯು ಬಡಿದ ಮೇಲೆ ಅಪ್ಪನ ಬಾಯಲ್ಲಿ ಉಳಿದದ್ದು ಒಂದೇ ಮಾತು: "ಬಿಡ್ಸು."

ಗೇಟು, ಕಿಟಕಿ ಗ್ರಿಲ್ಲು ಮಾಡುವ ತನ್ನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಸದ್ದನ್ನೂ ಮೀರಿ ಕೂಗಾಡುತ್ತಿದ್ದ ಮನುಷ್ಯ ಆತ. ಈಗ ಬಲಗೈ, ಬಲಗಾಲು ಸತ್ತ ಹಾಗೆ ಬಿದ್ದಿದ್ದವು. ನುಂಗಲು ಆಗದು, ಅದಕ್ಕೆ ಮೂಗಿನಿಂದ ಹೊಟ್ಟೆಯವರೆಗೆ ಒಂದು ಟ್ಯೂಬು. ಎಡಗೈಗೆ ಮಾತ್ರ ಏನೂ ಆಗಿರಲಿಲ್ಲ. ಆ ಎಡಗೈಯಲ್ಲೇ ಅಪ್ಪ ಟ್ಯೂಬು ಕಿತ್ತು ಬಿಸಾಕಿದ. ಮತ್ತೆ ಹಾಕಿಸಿದರೆ ಮತ್ತೆ ಕಿತ್ತ.

"ಕೈ ಕಟ್ಟಿಬಿಡಿ," ಅಂದರು ಮನೆಗೆ ಬಂದು ನೋಡಿಹೋಗುವ ನರ್ಸಮ್ಮ. "ಪಾಪ, ಗೊತ್ತಾಗದೆ ಮಾಡ್ತಾರೆ. ಟ್ಯೂಬ್ ಇಲ್ಲ ಅಂದ್ರೆ ಊಟ ಇಲ್ಲ. ಊಟ ಇಲ್ಲ ಅಂದ್ರೆ ಏನಾಗುತ್ತೆ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?"

ಅಪ್ಪ ಬೀಳಬಾರದು ಅಂತ ತಮ್ಮ ಅದೇ ವರ್ಕ್‌ಶಾಪಿನಲ್ಲಿ ಸರಳು ಬೆಸೆದು ಮಂಚದ ಪಕ್ಕಕ್ಕೆ ತಡೆ ಮಾಡಿ ತಂದಿದ್ದ. ನಾನು ಹಳೆಯ ಹತ್ತಿ ಬಟ್ಟೆ ಹರಿದು ಅಪ್ಪನ ಎಡ ಮಣಿಕಟ್ಟನ್ನು ಆ ಸರಳಿಗೆ ಕಟ್ಟಿದೆ. ಬಟ್ಟೆಯಂಗಡಿಯಲ್ಲಿ ಪ್ಯಾಂಟು ಗಿಡ್ಡ ಮಾಡಿ, ಸೊಂಟ ಬಿಗಿ ಮಾಡಿ ಹೊಟ್ಟೆ ಹೊರೆಯುವವಳು ನಾನು. ನಾನು ಹಾಕಿದ ಗಂಟು ತಾನಾಗಿ ಬಿಚ್ಚುವಂಥದ್ದಲ್ಲ.

ಕಟ್ಟಿದ ಗಳಿಗೆಯಿಂದ ಶುರುವಾಯಿತು. ನಾನು ಕೋಣೆಯೊಳಗೆ ಕಾಲಿಟ್ಟರೆ ಸಾಕು, "ಬಿಡ್ಸು... ಬಿಡ್ಸು..."

"ಅದೊಂದು ಸದ್ದು ಅಕ್ಕ, ಅರ್ಥಗಿರ್ಥ ಏನಿಲ್ಲ," ಅಂದ ತಮ್ಮ.

"ನಿಂಗೊತ್ತಿಲ್ಲ ಸುಮ್ನಿರು. ನಂಗೊತ್ತು."

ನನಗೆ ಗೊತ್ತಿತ್ತು, ಯಾಕೆಂದರೆ ಅದು ನನ್ನದೇ ಮಾತು. ಚಿಕ್ಕಂದಿನಲ್ಲಿ ನನಗೆ ಮೂಗಿನ ತುದಿಯಲ್ಲೇ ಕೋಪ. ಮೆಣಸಿನಕಾಯಿ ಅಂತಲೇ ಅಪ್ಪ ಕರೆಯುತ್ತಿದ್ದ. ನಾನು ಅತ್ತು ರಂಪ ಮಾಡಿದಾಗೆಲ್ಲ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ನನ್ನ ಊದಿದ ಮುಖವನ್ನೇ ಬಿಡಿಸಿ ನಗಿಸುತ್ತಿದ್ದ. ಆಮೇಲೆ ಅಳು ಬರದಿದ್ದರೂ ನಾನು ಬೆನ್ನು ಹತ್ತುತ್ತಿದ್ದೆ: "ಅಪ್ಪಾ, ಬಿಡ್ಸು. ಇನ್ನೊಂದು ಬಿಡ್ಸು." ನಮ್ಮ ಮನೆಯಲ್ಲಿ ಬಿಡ್ಸು ಅಂದರೆ ಚಿತ್ರ, ಬೇರೇನೂ ಅಲ್ಲ. ಗಿರಾಕಿಗಳು ಮೊಬೈಲಿನಲ್ಲೇ ಗೇಟಿನ ಡಿಸೈನು ತೋರಿಸಲು ಶುರುಮಾಡಿದ ಮೇಲೆ ಅಪ್ಪ ಪೆನ್ಸಿಲು ಕೆಳಗಿಟ್ಟವನು ಮತ್ತೆ ಎತ್ತಿರಲಿಲ್ಲ. ಈಗ ಎಲ್ಲ ಮಾತೂ ಹೋಗಿ ಅದೊಂದೇ ಉಳಿದಿದೆ ಅಂದರೆ ಏನರ್ಥ? ನನಗೆ ಎಷ್ಟು ಸಂತೋಷವಾಯಿತೆಂದರೆ, ಅಡುಗೆಮನೆಗೆ ಹೋಗಿ ಒಬ್ಬಳೇ ಅತ್ತೆ.

ಮಾರನೆಯ ದಿನ ಕೆಲಸ ಮುಗಿಸಿ ನೇರವಾಗಿ ಚಿತ್ರದ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯಾತ ದೊಡ್ಡದೊಂದು ಬಣ್ಣದ ಪೆಟ್ಟಿಗೆ ತೆಗೆದು ಎದುರಿಗಿಟ್ಟ.

"ನಾನೇನು ಅಂಗಡಿ ಇಡ್ಬೇಕಾ?" ಅಂದೆ. "ಬಿಟ್ಟುಹೋದ ಚಿತ್ರ ಮತ್ತೆ ಶುರು ಮಾಡೋರಿಗೆ ಏನು ಬೇಕೋ ಅಷ್ಟು ಕೊಡಿ. ನಮ್ಮಪ್ಪಂಗೆ. ಮಲಗಿದ ಕಡೆನೇ ಬಿಡಿಸ್ಬೇಕು, ಅದೂ ಎಡಗೈಲಿ."

ಆತ ಪೆಟ್ಟಿಗೆಯನ್ನು ಒಳಗಿಟ್ಟ. "ಹಾಗಾದ್ರೆ ಕಮ್ಮಿ ತಗೊಳ್ಳಿ. ಹಾಸಿಗೆ ತುಂಬಾ ಹರಡಿದ್ರೆ ಅವರಿಗೆ ನೋಡೇ ಸುಸ್ತಾಗುತ್ತೆ."

ಪೆನ್ಸಿಲುಗಳನ್ನು ನನ್ನ ಎಡಗೈಯಲ್ಲಿ ಹಿಡಿದು ಒಂದೊಂದಾಗಿ ಗೀಚಿ ನೋಡಿದೆ. ಗಟ್ಟಿ ಪೆನ್ಸಿಲಿಗೆ ಒತ್ತಬೇಕು, ಅಪ್ಪನ ಕೈಲಾಗದು. ತೀರಾ ಮೆತ್ತನೆಯದು ಮಸಿಯಂತೆ ಮೆತ್ತಿಕೊಂಡಿತು. ನನ್ನ ಗೆರೆಗಳೆಲ್ಲ ಹುಳ ಹರಿದ ಹಾಗಿದ್ದವು. ಈ ಪೆನ್ಸಿಲೇ ಸರಿ ಇಲ್ಲ ಅಂತ ಗೊಣಗಿದ್ದಕ್ಕೆ ಆತ, "ಕುಣೀಲಾರದೋಳು ನೆಲ ಡೊಂಕು ಅಂದಳಂತೆ," ಅಂದ. ಎಷ್ಟೋ ದಿನದ ಮೇಲೆ ನಕ್ಕೆ. ಕೊನೆಗೆ 2B ಒಂದು, 4B ಒಂದು ಆರಿಸಿದೆ. ನುಣುಪು ಹಾಳೆಯಲ್ಲಿ ಪೆನ್ಸಿಲು ಜಾರುತ್ತದೆಂದು ತುಸು ತರಿಯಾದ ಹಾಳೆಯ, ಗಟ್ಟಿ ರಟ್ಟಿನ ಡ್ರಾಯಿಂಗ್ ಪುಸ್ತಕ. ಹಿಟ್ಟಿನ ಹಾಗೆ ನಾದಬಹುದಾದ ರಬ್ಬರು. ಉಜ್ಜಬೇಕಿಲ್ಲ, ಒತ್ತಿ ಎತ್ತಿದರೆ ಗೆರೆ ಅಂಟಿಕೊಂಡು ಬರುತ್ತದೆ. ಅಪ್ಪ ಯಾವತ್ತೂ ಬ್ಲೇಡಿನಲ್ಲೇ ಪೆನ್ಸಿಲು ಹೆರೆಯುತ್ತಿದ್ದ. ನನ್ನ ಕೈ ಬ್ಲೇಡಿನ ತನಕ ಹೋಗಿ ಹಿಂದೆ ಬಂತು. ಶಾರ್ಪನರ್ ತಗೊಂಡೆ. ಯಾಕೆ ಅಂತ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಅಂದ ತಮ್ಮ ಸಾಮಾನು ನೋಡಿ. ಆಮೇಲೆ ಟ್ಯೂಬಿನ ಕಡೆ ಕಣ್ಣು ಹೋಗಿ ನಾಲಿಗೆ ಕಚ್ಚಿಕೊಂಡ.

"ಮಂಚದ ಆ ಕಡೆ ನಿಂತ್ಕೋ. ಟ್ಯೂಬಿಗೆ ಕೈ ಹಾಕಿದ್ರೆ ತಕ್ಷಣ ಹಿಡ್ಕೋ," ಅಂದೆ.

ದಿಂಬು ಏರಿಸಿ ಅಪ್ಪನನ್ನು ಒರಗಿಸಿ, ಗಂಟು ಬಿಚ್ಚಿದೆ. ಮಣಿಕಟ್ಟಿನ ಸುತ್ತ ಚರ್ಮ ಕೆಂಪಾಗಿತ್ತು. ಪೆನ್ಸಿಲು ಕೊಟ್ಟು, ಪುಸ್ತಕವನ್ನು ಅವನ ಎದೆಗೆ ಆನಿಸಿ ಹಿಡಿದೆ. "ಅಪ್ಪಾ, ಬಿಡ್ಸು."

ಅಪ್ಪ ನನ್ನನ್ನೇ ನೋಡಿದ. ಆಮೇಲೆ ಹಾಳೆ ನೋಡಿದ. ಒಂದು ಉದ್ದ ಗೆರೆ ಎಳೆದ, ಅದರ ಪಕ್ಕ ಇನ್ನೊಂದು, ಮತ್ತೊಂದು. ಮೇಲೆ ಒಂದು ಅಡ್ಡಗೆರೆ. ನಡುಗುತ್ತಿದ್ದರೂ ಗೆರೆಗಳ ನಡುವಿನ ಅಂತರ ಅಳತೆ ಹಿಡಿದಂತಿತ್ತು.

"ಗೇಟು! ಅಯ್ಯೋ, ಗೇಟು ಕಣೇ ಅಕ್ಕ!" ತಮ್ಮ ಕುಣಿದಾಡಿದ. ನನ್ನ ಕಣ್ಣು ತುಂಬಿ ಹಾಳೆ ಮಂಜಾಯಿತು.

ಒರೆಸಿಕೊಂಡು ನೋಡುವ ಹೊತ್ತಿಗೆ ಸರಳಿನ ಪಕ್ಕ ಐದು ಬೆರಳು ಮೂಡಿದ್ದವು. ಬೆರಳುಗಳಿಗೆ ಅಂಗೈ, ಅಂಗೈಗೊಂದು ಮಣಿಕಟ್ಟು. ಮಣಿಕಟ್ಟಿನ ಸುತ್ತ ಬಟ್ಟೆ. ಆ ಬಟ್ಟೆಗೆ ನನ್ನ ಗಂಟು, ಜೋತುಬಿದ್ದ ಎರಡು ತುದಿಗಳ ಸಮೇತ. ಅಪ್ಪ ಪೆನ್ಸಿಲಿನ ಮೊನೆಯನ್ನು ಗಂಟಿನ ಮೇಲಿಟ್ಟು ಕುಟ್ಟಿದ. "ಬಿಡ್ಸು," ಅಂದ.

"ಅಕ್ಕ, ಬಿಡ್ಸು ಅಂದ್ರೆ..."

"ಬಾಯಿ ಮುಚ್ಚೋ. ನಂಗೂ ಅರ್ಥ ಆಗುತ್ತೆ."

ಅಪ್ಪ ಪೆನ್ಸಿಲು ಬಿಟ್ಟ. ಕೈಯನ್ನು ನಿಧಾನವಾಗಿ ಎತ್ತಿ ಮೂಗಿನ ಟ್ಯೂಬಿನ ಮೇಲಿಟ್ಟ. ತಮ್ಮ ಮುಂದೆ ಬಾಗಿದ, ಆದರೆ ಅಪ್ಪ ಕೀಳಲಿಲ್ಲ. ಕೀಳದೆ ನನ್ನ ಮುಖ ನೋಡಿದ. ಗೊತ್ತಾಗದೆ ಮಾಡುವವರು ಹಾಗೆ ನೋಡುವುದಿಲ್ಲ. ನನ್ನ ಅಪ್ಪ ನನ್ನ ಅಪ್ಪಣೆ ಕೇಳುತ್ತಿದ್ದ.

ನನಗೆ ಭಯವಾಯಿತು. ಬೇರೆ ಏನು ಹೇಳಲಿ? ಹೂಂ ಅಂದರೆ ಅಪ್ಪ ಇರುವುದಿಲ್ಲ. ನಾನು ಆ ಕೈಯನ್ನು ಹಿಡಿದು ಕೆಳಗಿಳಿಸಿ, ಅದೇ ಸರಳಿಗೆ, ಅದೇ ಬಟ್ಟೆಯಿಂದ, ಅದೇ ಗಂಟು ಹಾಕಿದೆ. ಅಪ್ಪ ಕೊಸರಾಡಲಿಲ್ಲ. ಕೊಸರಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಮೇಲೆ ನಾನು ಮಾಡಿದ್ದಕ್ಕೆ ಹುಚ್ಚು ಅಂತಲೇ ಅನ್ನಬೇಕು. ಹೊಸ ರಬ್ಬರನ್ನು ನಾದಿ, ಚಿತ್ರದ ಗಂಟಿನ ಮೇಲೆ ಒತ್ತಿ ಎತ್ತಿದೆ. ಗಂಟು ಹೋಗುವ ತನಕ ಒತ್ತಿದೆ. "ನೋಡಪ್ಪಾ, ಬಿಡಿಸಿದೆ," ಅಂತ ಹಾಳೆಯನ್ನು ಅವನ ಕಣ್ಣೆದುರು ಹಿಡಿದೆ. ಅಪ್ಪ ಹಾಳೆ ನೋಡಿದ, ಸರಳಿಗೆ ಕಟ್ಟಿದ ತನ್ನ ಕೈ ನೋಡಿದ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ.

ಅವತ್ತಿನಿಂದ ಅಪ್ಪ ಆ ಮಾತು ಆಡಿಲ್ಲ. ಟ್ಯೂಬಿನಲ್ಲಿ ಹೊತ್ತು ಹೊತ್ತಿಗೆ ಗಂಜಿ ಹೋಗುತ್ತದೆ, ತೂಕ ಕೂಡ ಹೆಚ್ಚಿದೆ ಅಂತ ನರ್ಸಮ್ಮ ಹೊಗಳುತ್ತಾರೆ. ನಾನು ಕೆಲಸದಿಂದ ಬಂದು ಪೆನ್ಸಿಲು ಚೂಪು ಮಾಡಿ, ಪಕ್ಕದಲ್ಲಿ ಕೂತು ಅನ್ನುತ್ತೇನೆ: "ಅಪ್ಪಾ, ಬಿಡ್ಸು. ಒಂದೇ ಒಂದು ಬಿಡ್ಸು." ಅಪ್ಪ ಗೋಡೆಯನ್ನೇ ನೋಡುತ್ತಿರುತ್ತಾನೆ.