ಉಪ್ಪುನೀರಿನ ಪರೀಕ್ಷೆ

ಬಿ.ಎಸ್ಸಿ. ಕೃಷಿಯ ಕೊನೆಯ ವರ್ಷ ನಮ್ಮನ್ನು ಮೂರು ತಿಂಗಳು ಹಳ್ಳಿಗೆ ಅಟ್ಟುತ್ತಾರೆ. ಓದಿದ್ದನ್ನೆಲ್ಲ ರೈತರ ಮುಂದೆ ಮಾಡಿ ತೋರಿಸಬೇಕು. ತಗಡೂರಿನ ಗಾನವಿಯಾದ ನನಗೆ ಸಿಕ್ಕಿದ್ದು ತಿ. ನರಸೀಪುರದ ಹತ್ತಿರದ ಒಂದು ನಾಲೆ ಬಯಲಿನ ಊರು, ಅಲ್ಲಿ ಪುಟ್ಟಬಸಮ್ಮನವರ ಮನೆ.

ಹೊರಡುವ ದಿನ ಅಪ್ಪನೊಂದಿಗೆ ಪಂಥವಾಗಿತ್ತು. ತಾಂಡ್ಯದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ ಅಪ್ಪನಿಗೆ ನಾನು ಬ್ಯಾಂಕ್ ಪರೀಕ್ಷೆ ಬರೆದು ಫ್ಯಾನಿನ ಕೆಳಗೆ ಕೂರಬೇಕು. ನನಗೆ ಕೃಷಿ ಇಲಾಖೆ ಸೇರಿ ಗದ್ದೆ ಬದುವಿನ ಮೇಲೆ ಓಡಾಡಬೇಕು. ಇಪ್ಪತ್ತೆರಡರ ಹುಡುಗಿಯ ಮಾತು ಕೇಳಿ ಒಬ್ಬರೇ ಒಬ್ಬರು ಬಿತ್ತಿದರೂ ಇಲಾಖೆಗೇ ಹೋಗು, ಇಲ್ಲದಿದ್ದರೆ ಬ್ಯಾಂಕು ಎಂದರು ಅಪ್ಪ. ಹೂಂ ಅಂದುಬಿಟ್ಟೆ. ನನ್ನ ಬಾಯಿಗೆ ಬೀಗವಿಲ್ಲ.

ಪುಟ್ಟಬಸಮ್ಮ ಒಬ್ಬರೇ ಎರಡೆಕರೆ ಭತ್ತ ಬೆಳೆಯುವ ಗಟ್ಟಿಗಿತ್ತಿ. ತಾವು ಎತ್ತಿಟ್ಟ ಬಿತ್ತನೆ ಭತ್ತದಂಥದ್ದು ಸುತ್ತಮುತ್ತ ಇಲ್ಲವೆಂದು ಅವರ ಹೆಮ್ಮೆ. ಅದನ್ನೇ ಉಪ್ಪುನೀರಿಗೆ ಹಾಕಿ ಜೊಳ್ಳು ಬೇರ್ಪಡಿಸಿ ತೋರಿಸುತ್ತೇನೆ ಎಂದೆ. ಅರೆಮನಸ್ಸಿನಿಂದ ಒಪ್ಪಿದರು. ಆಮೇಲೆ ಪುಸ್ತಕದಲ್ಲಿದ್ದಂತೆಯೇ, ನೀರಿಗೆ ಉಪ್ಪು ಸಾಕಾಯಿತೇ ಎಂದು ನೋಡಲು ಒಂದು ಕೋಳಿಮೊಟ್ಟೆ ಬೇಕು, ಅದು ತೇಲಬೇಕು ಎಂದುಬಿಟ್ಟೆ. ಅದೂ ಲಿಂಗ ಕಟ್ಟಿದವರ ಜಗಲಿಯ ಮೇಲೆ ನಿಂತು. ನಾನೂ ಲಿಂಗ ಕಟ್ಟಿದವಳೇ, ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರಲ್ಲ, ಆ ಹೊತ್ತಿಗೆ ನನ್ನ ಬಳಿ ಒಕ್ಕಾಲು ಮಾತ್ರ ಇತ್ತು.

ಪುಟ್ಟಬಸಮ್ಮ ಎದ್ದು ಬೀಜದ ಮೂಟೆಯನ್ನು ಒಳಗೆಳೆದುಕೊಂಡರು. “ಮೊಟ್ಟೆ ಅದ್ದಿದ ನೀರು ನಮ್ಮ ಬಿತ್ನೆಗೆ ಸೋಕ್ಬಾರ್ದು ಕಣವ್ವ,” ಎಂದರು.

ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೂರನೆಯ ದಿನ, ಹಿಂದಿನ ಬೀದಿಯಲ್ಲಿ ಕೋಳಿ ಸಾಕಿಕೊಂಡಿದ್ದ ಸಾಕಮ್ಮನವರ ಹಿತ್ತಿಲಿಗೆ ಹೋದೆ. ಬಕೆಟ್ ನೀರಿಗೆ ಅವರ ಕೈಯಿಂದಲೇ ಒಂದು ಮೊಟ್ಟೆ ಬಿಡಿಸಿ, ಜೊತೆಗೆ ನಾನೊಂದು ಆಲೂಗಡ್ಡೆ ಬಿಟ್ಟೆ. ಎರಡೂ ತಳ ಹಿಡಿದು ಕೂತವು. ಉಪ್ಪು ಸುರಿದು ಕದಡುತ್ತಾ ಹೋದಂತೆ ಮೊಟ್ಟೆ ಎದ್ದಿತು, ಅದರ ಹಿಂದೆಯೇ ಆಲೂಗಡ್ಡೆಯೂ ಎದ್ದಿತು. ಮೊಟ್ಟೆಯ ಕೆಲಸಕ್ಕೆ ಆಲೂಗಡ್ಡೆಯೇ ಸಾಕು! ನಾನು ಅಲ್ಲೇ ಕುಣಿದುಬಿಟ್ಟೆ. ಸಾಕಮ್ಮ ನಕ್ಕು ನಕ್ಕು ಸುಸ್ತಾದರು.

ಆಲೂಗಡ್ಡೆಗೆ ಪುಟ್ಟಬಸಮ್ಮನವರ ಅಡ್ಡಿಯಿರಲಿಲ್ಲ. ಮರುದಿನ ಅವರ ಅಂಗಳಕ್ಕೆ ಊರಿನ ರೈತರೆಲ್ಲ ಬಂದರು. ಆಲೂಗಡ್ಡೆ ತೇಲಿತು. ಭತ್ತ ಸುರಿದೆ. ನಾಲ್ಕರಲ್ಲೊಂದು ಪಾಲು ಮೇಲೆದ್ದು ನಿಂತಿತು. ಊರವರ ಮುಂದೆ ಪುಟ್ಟಬಸಮ್ಮನವರ ಬೀಜದ ಮಾನ ಕಳೆದಿದ್ದೆ. ಇನ್ನು ಬ್ಯಾಂಕೇ ಗತಿ ಅಂದುಕೊಂಡೆ.

ಪುಟ್ಟಬಸಮ್ಮ ತೇಲಿದ ಕಾಳನ್ನು ಹಿಡಿಯಷ್ಟು ತೆಗೆದು ಒಂದೊಂದನ್ನೇ ಹಲ್ಲಿನಲ್ಲಿ ಕಡಿದು ನೋಡಿದರು. ಬರೀ ಹೊಟ್ಟು.

“ನಲ್ವತ್ತು ವರ್ಸದಿಂದ ಒಟ್ಲಲ್ಲಿ ಸಸಿ ತೆಳ್ಳಗಾದಾಗೆಲ್ಲ ಬೀಜ ತಿಂದ್ವು ಅಂತ ಗುಬ್ಬಿಗೆ ಬಯ್ಕೊಂಡು ಬಂದೆ. ಪಾಪ, ಅವೇನು ಮಾಡಿದ್ವು,” ಎಂದರು.

ಮೊದಲು ನಕ್ಕದ್ದೂ ಅವರೇ. ಉಳಿದ ಮೂಟೆಯನ್ನೂ ಅದೇ ನೀರಿಗೆ ಹಾಕಿಸಿದರು. ಮುಳುಗಿದ ಕಾಳನ್ನು ಎರಡು ಸಲ ಒಳ್ಳೆಯ ನೀರಿನಲ್ಲಿ ತೊಳೆದು, ಮೊಳಕೆ ಕಟ್ಟಿ, ಮೂರನೆಯ ದಿನ ಒಟ್ಲಿಗೆ, ಅಂದರೆ ಸಸಿಮಡಿಗೆ, ಚೆಲ್ಲಿದರು. ನಾನು ಗದ್ದೆಯಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ನಿನ್ನ ಮುಖ ನೋಡಿ ಒಂದು ಹಿಡಿ ಚೆಲ್ಲಿರಬಹುದು ಎಂದರು ಅಪ್ಪ. ಪುಟ್ಟಬಸಮ್ಮ ಕೆಸರುಗೈಯಲ್ಲೇ ಫೋನ್ ಕಿತ್ತುಕೊಂಡರು.

“ಎಲ್ಡೆಕ್ರೆಗೂ ಇದೇ ಬೀಜ ಕಣಪ್ಪ. ನಿಮ್ಮ ಮಗಳು ಆಫೀಸರಾದ್ರೆ ನಮ್ಮೂರ್ಗೇ ಕಳ್ಸಿ.”

ಅಪ್ಪ ನನ್ನನ್ನು ಬಿಟ್ಟು ಅವರನ್ನೇ ಕೇಳಿದರು.

“ಅವ್ವಾ, ತಗಡೂರಲ್ಲಿ ನಮ್ದೂ ಅರ್ಧ ಎಕ್ರೆ ಅದೆ. ಬಿತ್ನೆ ಒತ್ಗೆ ಎಲ್ಡು ದಿನ ಅವಳ್ನ ಬುಟ್ಕೊಡ್ತೀರಾ?”