ಅಕ್ಕ-ತಂಗಿ ತಂತಿ ಮತ್ತು ನಾನು

ಹುಟ್ಟುವಾಗ್ಲೇ ನಾನು ಗಿರ್ರಂತ ತಿರುಗ್ತಾ ಇದ್ದೆ ಕಣ್ರೀ. ಬೇರೆಯವ್ರು ಅಳ್ತಾ ಹುಟ್ತಾರೆ, ನಾನು ರೇವಮ್ಮನ ಲೇತ್ ಮೆಷೀನಲ್ಲಿ ಚಿನ್ನದ ಬಣ್ಣದ ಸುರುಳಿ ಎರಚ್ಕೊಂಡು ಹುಟ್ಟಿದೆ. ಎಂಟ್ರಿ ಅಂದ್ರೆ ಹಂಗಿರ್ಬೇಕು. ಬ್ಯಾಕ್‌ಗ್ರೌಂಡ್ ಮ್ಯೂಸಿಕ್ಕೂ ಇತ್ತು, ಮೋಟರ್ ಬೆಲ್ಟಿಂದು.

ನಾನೊಂದು ಹಿತ್ತಾಳೆ ಬಿರಡೆ. ವೀಣೆ ತಂತಿ ಬಿಗಿ ಮಾಡೋಕೆ ಮರದ ಬಿರಡೆ ತಿರುಗಿಸ್ತಾರಲ್ಲ, ಆ ವಂಶದವನೇ. ಆದ್ರೆ ನಾನು ಕೂತಿರೋದು ಐರ್ಲೆಂಡಿನ ಹಾರ್ಪ್ ಮೇಲೆ. ಬೆರಳುದ್ದ ಇದ್ದೀನಿ. ಒಂದು ತುದಿ ದಪ್ಪ, ಹೋಗ್ತಾ ಹೋಗ್ತಾ ಸಣ್ಣ. ದಪ್ಪ ತುದಿಲಿ ಚೌಕದ ತಲೆ, ಅದಕ್ಕೆ ಕೀ ಹಾಕಿ ತಿರುಗಿಸ್ತಾರೆ. ಸಣ್ಣ ತುದಿಲಿ ಪುಟ್ಟ ತೂತು, ಅದಕ್ಕೆ ತಂತಿ ಪೋಣಿಸ್ತಾರೆ. ತಲೆ ಮರದ ಈ ಕಡೆ, ಮೂತಿ ಆ ಕಡೆ, ಮಧ್ಯದ ಮೈ ಮರದೊಳಗೆ. ಸ್ಕ್ರೂ ಇಲ್ಲ, ನಟ್ಟಿಲ್ಲ, ಅಂಟಿಲ್ಲ. ಮರವನ್ನ ಕಚ್ಚಿ ಹಿಡ್ಕೊಂಡು ನಿಲ್ಲೋದೊಂದೇ ನನ್ನ ಕೆಲಸ. ಕೈ ಬಿಟ್ಟೆ ಅಂದ್ರೆ ತಂತಿ ಸಡಿಲ, ಶ್ರುತಿ ಢಮಾರ್.

ಮೈಸೂರಿಗೆ ಐರ್ಲೆಂಡಿನ ಹಾರ್ಪ್ ಎಲ್ಲಿಂದ ಬಂತು ಅಂತೀರಾ? ಫ್ಲ್ಯಾಶ್‌ಬ್ಯಾಕ್ ಚಿಕ್ಕದು, ಯಾರೂ ಎದ್ದು ಹೋಗ್ಬೇಡಿ. ಸಿಸ್ಟರ್ ನೋರಾ ಅಂತ ಒಂದು ಕಾನ್ವೆಂಟ್ ಸ್ಕೂಲಿನ ಇಂಗ್ಲಿಷ್ ಟೀಚರ್. ಚಿಕ್ಕ ವಯಸ್ಸಲ್ಲೇ ಐರ್ಲೆಂಡಿಂದ ಬಂದೋರು, ಬರುವಾಗ ಅಪ್ಪನ ಹಾರ್ಪ್ ಹೊತ್ಕೊಂಡು ಬಂದ್ರು. ಈಗ ಅವರ ಕನ್ನಡ ಕೇಳಿದ್ರೆ ದೇವರಾಜ ಮಾರ್ಕೆಟ್ಟಲ್ಲೇ ಹುಟ್ಟಿದ್ದು ಅನ್ಬೇಕು, ಹಂಗೆ ಮಾತಾಡ್ತಾರೆ. ಹಾರ್ಪಿನ ಹಳೇ ಕಬ್ಬಿಣದ ಬಿರಡೆಗಳು ತುಕ್ಕು ಹಿಡಿದು ಮುರಿದು ಹೋಗಿ, ವಾದ್ಯ ವರ್ಷಗಟ್ಟಲೆ ಮೂಕ ಆಗಿ ಕೂತಿತ್ತು.

ಈಗ ಸಿಸ್ಟರ್‌ಗೆ ವಯಸ್ಸಾಯ್ತು, ಊರಿಗೆ ವಾಪಸ್ ಹೊರಟಿದ್ರು. ಹಾರ್ಪ್‌ನ ಸ್ಕೂಲಿನ ಮಕ್ಕಳಿಗೆ ಬಿಟ್ಟು ಹೋಗ್ಬೇಕು ಅನ್ನೋದು ಅವರಾಸೆ. ಪ್ರಿನ್ಸಿಪಾಲ್ ಸಿಸ್ಟರ್ ಜೆಸಿಂತಾ ಮಾತ್ರ ಗಾಜಿನ ಪೆಟ್ಟಿಗೆಗೆ ಅಳತೆ ಕೊಟ್ಟಾಗಿತ್ತು. ನುಡಿಯದ ವಾದ್ಯ ಮಕ್ಕಳ ಕೈಗೆ ಕೊಟ್ಟು ಏನು ಮಾಡೋದು, ಗಾಜಿನೊಳಗೆ ಇಟ್ರೆ ಬಂದವರು ನೋಡ್ತಾರೆ ಅಂತ ಅವರ ವಾದ. ಕೊನೆಗೆ ಒಪ್ಪಂದ ಆಯ್ತು. ಶನಿವಾರ ಸಾಯಂಕಾಲ ಬೀಳ್ಕೊಡುಗೆ. ಅವತ್ತು ನುಡಿದ್ರೆ ಮಕ್ಕಳಿಗೆ, ನುಡೀಲಿಲ್ಲ ಅಂದ್ರೆ ಗಾಜಿಗೆ.

ಇದೆಲ್ಲ ಸಿಸ್ಟರ್ ನೋರಾ ರೇವಮ್ಮನ ಅಂಗಡಿಗೆ ಬಂದು ಹೇಳಿದ್ದು. ರೇವಮ್ಮ ಬಂಬೂ ಬಜಾರಲ್ಲಿ ದೀಪ, ಗಂಟೆ, ಆರತಿ ತಟ್ಟೆ ಮಾಡೋ ಹೆಂಗಸು. ಹಾರ್ಪ್ ಅನ್ನೋದನ್ನ ಕಂಡವಳೇ ಅಲ್ಲ.

“ನನ್ನ ಗಂಡ ಇದ್ದಾಗ್ಲೂ ಇಂಥದ್ದು ಮಾಡಿರ್ನಿಲ್ಲ ಸಿಸ್ಟರಮ್ಮ,” ಅಂದ್ಲು, ಮುರಿದ ಬಿರಡೆನ ಕಣ್ಣ ಹತ್ರ ಹಿಡ್ಕೊಂಡು.

“ಇದ್ದಾಗ ಅವನು ಏನ್ ಮಾಡ್ತಿದ್ದ?”

“ಟೀ ಕುಡೀತಿದ್ದ.”

“ಹಂಗಾದ್ರೆ ನೀನೇ ಮಾಡಮ್ಮ.”

ಶುರುವಾಯ್ತು ನೋಡಿ ಮಾಂಟಾಜ್. ನಾವು ಮೂವತ್ತು ಚಿಲ್ಲರೆ ಬಿರಡೆಗಳು ಸಾಲಾಗಿ ಹುಟ್ಟಿದ್ವಿ. ಹಾರ್ಪ್‌ನ ಅಂಗಡಿಗೇ ತಂದ್ರು. ರೇವಮ್ಮ ಒಬ್ಬೊಬ್ಬರನ್ನೇ ತೂತಿಗೆ ತೂರಿಸಿ, ತಿರುಗಿಸಿ, ಹೊರಗೆ ಎಳೆದು ನೋಡೋಳು. ಮರ ಎಲ್ಲಿ ಉಜ್ಜಿದ್ಯೋ ಅಲ್ಲಿ ಗುರುತು ಬಿದ್ದಿರುತ್ತೆ. ಅಲ್ಲಿ ಅರ ಹಾಕಿ ಚೂರೇ ಚೂರು ಸವೆಸೋಳು. ಮತ್ತೆ ತೂರಿಸೋಳು. ಪೂರ್ತಿ ಮೈ ಮರಕ್ಕೆ ತಾಗೋ ತನಕ ಇದೇ ಆಟ. ನಾನಂತೂ ನಗ್ತಾ ಇದ್ದೆ, ಕಚಗುಳಿ ಕಣ್ರೀ ಅದು. ಪಕ್ಕದಲ್ಲಿ ಸಿಸ್ಟರ್ ಸ್ಟೂಲ್ ಹಾಕ್ಕೊಂಡು ಕೂತು, “ಮೆಲ್ಲಗೆ ರೇವಮ್ಮ, ಸುತ್ತಿಗೆ ಜೋರಾಗಿ ಬಿದ್ರೆ ಮರ ಸೀಳುತ್ತೆ,” ಅಂತಿದ್ರು.

ಆಗ ಅವರ ಕೈ ನೋಡ್ದೆ. ಉದ್ದುದ್ದ ಉಗುರು. ಈ ಹಾರ್ಪ್‌ನ ಉಗುರಲ್ಲೇ ಮೀಟ್ಬೇಕಂತೆ. ಪ್ರೇಯರ್‌ನಲ್ಲಿ ಹುಡುಗಿಯರ ಉಗುರು ಚೆಕ್ ಮಾಡಿ ಬೈದು ಬೈದು ಇಡೀ ಆಯಸ್ಸು ಕಳೆದೋರು, ಈಗ ತಾವೇ ಉಗುರು ಬಿಟ್ಕೊಂಡು ಕೈನ ನಿಲುವಂಗಿ ತೋಳೊಳಗೆ ಬಚ್ಚಿಟ್ಕೊಂಡು ಓಡಾಡ್ತಿದ್ರು.

ಶುಕ್ರವಾರ ಎಲ್ಲ ಸೆಟ್ ಆಯ್ತು. ಸಿಸ್ಟರ್ ಪೂಜೆಗೆ ಅಂತ ಚರ್ಚಿಗೆ ಹೋದ್ರು. ರೇವಮ್ಮ ನಮ್ಮನ್ನ ನೋಡಿದ್ಲು. ಅವಳ ಅಂಗಡಿಯಿಂದ ಇದುವರೆಗೂ ಮಂಕಾದ ಮಾಲು ಆಚೆ ಹೋಗಿಲ್ಲ. “ಇಂಗೇ ಕಳ್ಸುದ್ರೆ ಮರ್ವಾದೆ ಏನಾಯ್ತದೆ,” ಅಂತ ತನ್ನಷ್ಟಕ್ಕೇ ಹೇಳ್ಕೊಂಡು ಎಲ್ಲರನ್ನೂ ಬಿಚ್ಚಿ, ಬಫಿಂಗ್ ಚಕ್ರಕ್ಕೆ ಮೇಣ ಮೆತ್ತಿ, ತಲೆಯಿಂದ ಮೂತಿ ತನಕ ಉಜ್ಜಿಬಿಟ್ಲು. ಅಬ್ಬಬ್ಬಾ, ಹೊಳಪು ಅಂದ್ರೆ ಹೊಳಪು! ನಾನು ಸಾಲಿನ ಮಧ್ಯದವನು ಅಂತ ನಂಗೆ ಎಕ್ಸ್‌ಟ್ರಾ ರೌಂಡು. ನನ್ನ ಮೈಮೇಲೆ ಅವಳ ಮೂಗುಬೊಟ್ಟು ಕಾಣ್ತಿತ್ತು. ಇನ್ನೇನು ಪೋಸ್ಟರ್ ಅಂಟಿಸೋದೊಂದು ಬಾಕಿ ಅನ್ಕೊಂಡೆ.

ಕಟ್ ಮಾಡಿದ್ರೆ ಶನಿವಾರ ಬೆಳಿಗ್ಗೆ, ಸ್ಕೂಲಿನ ಹಾಲ್. ರೇವಮ್ಮ ನಮ್ಮನ್ನೆಲ್ಲ ಕೂರಿಸಿ ಹಿತ್ತಾಳೆ ತಂತಿ ಕಟ್ಟಿದ್ಲು, ಸಿಸ್ಟರ್ ಶ್ರುತಿ ಮಾಡೋಕೆ ಶುರು ಮಾಡಿದ್ರು. ಈ ಹಾರ್ಪಿಗೆ ಒಂದು ಪದ್ಧತಿ ಇದೆ. ಮಧ್ಯದಲ್ಲಿ ಎರಡು ತಂತಿ, ಎರಡಕ್ಕೂ ಒಂದೇ ಸ್ವರ. ಅವುಕ್ಕೆ ಅಕ್ಕ-ತಂಗಿ ಅಂತಾರೆ. ಮೊದಲು ಅವರಿಬ್ಬರನ್ನ ಒಂದು ಮಾಡ್ಬೇಕು, ಆಮೇಲೆ ಅವರನ್ನ ಕೇಳ್ಕೊಂಡೇ ಉಳಿದವರನ್ನೆಲ್ಲ ಕೂಡಿಸ್ಬೇಕು. ತಂಗಿ ನನ್ನ ಪಾಲಿಗೆ ಬಂದಿದ್ಲು. ಅಂದ್ರೆ ಇಡೀ ಹಾರ್ಪು ನನ್ನ ಮೇಲೆ ನಿಂತಿದೆ. ಖುಷಿಗೆ ಉಬ್ಬಿ ಹೋದೆ.

ಜಾರಿದೆ.

ನಿಜವಾಗ್ಲೂ ಜಾರಿದೆ ಕಣ್ರೀ. ತಂಗಿ ಎಳೀತಿದ್ಲು, ನಾನು ಮರ ಹಿಡ್ಕೊಳ್ಳೋಕೆ ನೋಡ್ತೀನಿ, ಮೈಯೆಲ್ಲ ಮೇಣ, ನುಣ್ಣಗೆ ಬೆಣ್ಣೆ. ಮೆಲ್ಲಗೆ ತಿರುಗ್ಕೊಂಡು ಹೋದೆ. ಸಿಸ್ಟರ್ ನನ್ನ ನಂಬ್ಕೊಂಡು ಮಿಕ್ಕವರನ್ನ ಕೂಡಿಸ್ತಾನೇ ಇದ್ದಾರೆ. ಅವರೂ ಜಾರ್ತಾ ಇದ್ದಾರೆ. ಕೊನೆಗೆ ಒಂದ್ಸಲ ಪೂರ್ತಿ ಮೀಟಿದ್ರು. ಪಾತ್ರೆ ಅಂಗಡಿಯ ಮೇಲೆ ಕೋತಿ ನೆಗೆದ ಹಾಗೆ ಕೇಳಿಸ್ತು.

ಮತ್ತೆ ಮಾಡಿದ್ರು. ಮತ್ತೆ ಕೋತಿ.

ಸಿಸ್ಟರ್ ಕೀ ಕೆಳಗಿಟ್ರು. ಟೇಬಲ್ ಮೇಲಿದ್ದ ಕತ್ತರಿ ತಗೊಂಡು, ಹೆಬ್ಬೆರಳಿನ ಉಗುರಿಗೆ ಹಿಡಿದ್ರು. “ಗಾಜಿನವನಿಗೆ ಹೇಳ್ಬಿಡಿ ಅಂತೀನಿ ಜೆಸಿಂತಾಗೆ,” ಅಂದ್ರು.

ರೇವಮ್ಮ ಅವರ ಕೈ ಹಿಡ್ಕೊಂಡ್ಲು. “ಒಂದ್ ಗಳ್ಗೆ ತಡೀರಿ ಸಿಸ್ಟರಮ್ಮ.” ನನ್ನನ್ನ ಹೊರಗೆ ಎಳೆದು ಬೆರಳಲ್ಲಿ ಸವರಿದ್ಲು. ಮುಖ ಬಾಡಿ ಹೋಯ್ತು. “ತಪ್ಪು ನಂದೇ. ಆಚೆ ಕಾಣೋ ತಲೆ ಒಂದು ಹೊಳುದ್ರೆ ಸಾಕಿತ್ತು. ಮರ ಹಿಡಿಯೋ ಮೈಗೂ ಪಾಲಿಸ್ ಹಾಕ್ಬುಟ್ಟಿವ್ನಿ. ದೀಪದ ಕಂಬ ಅನ್ಕೊಂಡೆ.”

“ಸಾಯಂಕಾಲದೊಳಗೆ ಆಗುತ್ತಾ?”

“ಕತ್ತರಿ ಕೆಳಗಿಡಿ ಮೊದ್ಲು.”

ಎಲ್ಲರನ್ನೂ ಬಿಚ್ಚಿದ್ಲು. ಒಣ ಬಟ್ಟೆಲಿ ಮೇಣ ತಿಕ್ಕಿ ತೆಗೆದು, ಉಪ್ಪುಕಾಗದ ಸುತ್ತಿ ಗರಗರ ಉಜ್ಜೋಕೆ ಹತ್ತಿದ್ಲು. ನನ್ನ ಮೇಕಪ್ಪು, ನನ್ನ ಗ್ಲಾಮರ್ರು, ಎಲ್ಲ ಪುಡಿ ಪುಡಿಯಾಗಿ ಪೇಪರ್ ಮೇಲೆ ಬಿತ್ತು. ಅಯ್ಯೋ ಅಂತ ಕೂಗೋಣ ಅಂದ್ರೆ ನನಗೆ ಬಾಯಿಲ್ಲ, ಇರೋದೊಂದು ತೂತು. ಅಷ್ಟೊತ್ತಿಗೆ ಪ್ರಿನ್ಸಿಪಾಲ್ ಜೆಸಿಂತಾ ಏನಾಯ್ತು ಅಂತ ನೋಡೋಕೆ ಬಂದ್ರು.

“ಇನ್ನೂ ಆಗಿಲ್ವಾ?”

“ಸುಮ್ನೆ ನಿಂತ್ಕೊಂಡಿದೀರಲ್ಲ ದೊಡ್ಡ ಸಿಸ್ಟರು, ತಕಳಿ, ಉಜ್ಜಿ,” ಅಂತ ರೇವಮ್ಮ ಒಂದು ಹಿಡಿ ಬಿರಡೆ ಅವರ ಕೈಗೆ ಸುರಿದ್ಲು. ಜೆಸಿಂತಾ ಅಂಗಿ ತೋಳು ಮಡಚ್ಕೊಂಡು ಕೂತು ಉಜ್ಜಿದ್ರು. ಬೋರ್ಡಿನ ಹತ್ರದಿಂದ ಸೀಮೆಸುಣ್ಣ ತಂದು ಪುಡಿ ಮಾಡಿ ನಮ್ಮ ಮೈಗೆ ಬಳಿಯೋ ಐಡಿಯಾ ಸಿಸ್ಟರ್ ನೋರಾದು. ವೀಣೆಯವರು ಹಂಗೆ ಮಾಡೋದನ್ನ ನೋಡಿದ್ರಂತೆ.

ಒಳಗೆ ಹೋದೆ. ರೇವಮ್ಮ ಒತ್ತಿ, ಒಂದೇ ಒಂದು ಪೆಟ್ಟು ಕೊಟ್ಲು. ಕರ್ರ್ ಅಂತ ಮರ ನನ್ನ ಹಿಡ್ಕೊಳ್ತು. ಇಲ್ಲ, ನಾನೇ ಮರನ ಹಿಡ್ಕೊಂಡೆ. ಯಾರು ಯಾರನ್ನ ಅಂತ ಗೊತ್ತಾಗದ ಹಾಗೆ ಹಿಡ್ಕೊಂಡ್ವಿ. ತಂಗಿ ಎಳೆದ್ಲು. ಎಳಿ ಮಗಳೇ, ಎಷ್ಟು ಎಳೀತೀಯೋ ಎಳಿ, ಈ ಜಾಗ ಬಿಟ್ಟು ಕದಲೋ ಮಗನೇ ಅಲ್ಲ ನಾನು.

ಸಾಯಂಕಾಲ ಹಾಲ್ ತುಂಬಿತ್ತು. ಸಿಸ್ಟರ್ ಮೊದಲ ತಂತಿ ಮೀಟಿದ್ರು. ಗಂಟೆ ಹೊಡೆದ ಹಾಗೆ ಎದ್ದ ನಾದ, ಸಾಯೋಕೇ ಒಪ್ಪಲಿಲ್ಲ. ಅದರ ಮೇಲೆ ಇನ್ನೊಂದು, ಮತ್ತೊಂದು. ನನ್ನ ಮೈಯೆಲ್ಲ ಜುಮ್ ಅಂತಿತ್ತು. ಒಂದೂ ಸ್ವರ ಆಚೀಚೆ ಆಗ್ಲಿಲ್ಲ. ಮುಂದಿನ ಸಾಲಲ್ಲಿ ಜೆಸಿಂತಾ ಕೈಲಿ ಇನ್ನೂ ಸೀಮೆಸುಣ್ಣ ಇತ್ತು.

ಮುಗಿದ ಮೇಲೆ ಅವರೇ ಬಂದು, “ಆ ಗಾಜಿನ ಪೆಟ್ಟಿಗೆ ಸೈನ್ಸ್ ಲ್ಯಾಬಿಗೆ ಕೊಡ್ತೀನಿ. ಅಲ್ಲಿ ಒಂದು ಅಸ್ಥಿಪಂಜರ ಇದೆ,” ಅಂದ್ರು.

“ಮಕ್ಕಳು ಉಗುರು ಬಿಡ್ಬೇಕಾಗುತ್ತೆ, ಗೊತ್ತಲ್ಲ?” ಅಂದ್ರು ನೋರಾ.

ಜೆಸಿಂತಾ ಕೈಯ ಸೀಮೆಸುಣ್ಣ ಕೊಡವ್ಕೊಂಡ್ರು. “ಹಾರ್ಪ್ ಕಲಿಯೋರಿಗೆ ಮಾತ್ರ.”

ಅದರ ಮುಂದಿನ ವಾರದಿಂದ ಹಾರ್ಪ್ ಕಲೀತೀನಿ ಅಂತ ಅರ್ಧ ಸ್ಕೂಲು ಕ್ಯೂ ನಿಂತಿತ್ತು.

ಈಗ ನನಗೂ ವಯಸ್ಸಾಗಿದೆ. ತಿರುಗಿಸಿ ತಿರುಗಿಸಿ, ಒತ್ತಿ ಒತ್ತಿ, ಮರದೊಳಗೆ ಎಷ್ಟು ಇಳಿದಿದ್ದೀನಿ ಅಂದ್ರೆ ತಲೆಗೆ ಕೀ ಸಿಕ್ಕೋದೇ ಕಷ್ಟ. ಮೈ ಕಪ್ಪಾಗಿದೆ. ಕನ್ನಡಿ ಥರ ಇದ್ದಾಗ ಎಲ್ಲರೂ ನನ್ನ ನೋಡ್ತಿದ್ರು. ಈಗ ಯಾರೂ ನೋಡಲ್ಲ, ತಂತಿ ಕೇಳ್ತಾರೆ, ಅಷ್ಟೇ. ಅದರಲ್ಲೂ ಒಂದು ಮಜಾ ಇದೆ ಕಣ್ರೀ.

ಶ್ರುತಿ ಮಾಡೋದನ್ನ ಹೋಗೋಕೆ ಮುಂಚೆ ಸಿಸ್ಟರ್ ಹೇಳಿಕೊಟ್ಟಿದ್ದು ರೇವಮ್ಮನಿಗೇ. ಮೊನ್ನೆ ಅವಳು ಮೊಬೈಲ್ ಸ್ಪೀಕರ್ ಹಾಕಿ ಹಾರ್ಪಿನ ಪಕ್ಕ ಇಟ್ಲು. ಆ ಕಡೆ ಐರ್ಲೆಂಡು.

“ಸಿಸ್ಟರಮ್ಮ, ತಂಗಿದು ಬಿರಡೆ ತೀರಾ ಒಳಕ್ಕೋಗದೆ. ಹೊಸದು ಮಾಡ್ಲಾ?”

“ತಿರುಗಿಸಿ ನೋಡು. ನಿಲ್ಲುತ್ತಾ?”

ರೇವಮ್ಮ ಕಷ್ಟಪಟ್ಟು ಕೀ ಸಿಕ್ಕಿಸಿ ತಿರುಗಿಸಿದ್ಲು. ನಾನು ಉಸಿರು ಬಿಗಿ ಹಿಡಿದೆ. ತಂಗಿ ಎಳೆದ್ಲು. ನಿಂತೆ.

“ನಿಂತದೆ.”

“ಅಕ್ಕನ ಜೊತೆ ಮೀಟು, ಕೇಳ್ತೀನಿ.”

ಎರಡನ್ನೂ ಮೀಟಿದ್ಲು.

“ಒಂದು ಕೂದಲೆಳೆ ಏರಿಸು,” ಅಂದ್ರು ಸಿಸ್ಟರ್. “ಹಾಂ. ಸಾಕು, ಅವನನ್ನ ಅಲ್ಲೇ ಬಿಡು.”