ಮೂತಿಯಲ್ಲಿ ಹತ್ತು ಚೀಲ ಜೋಳ

ಕಟ್ಟಿಗೆ ನುಣುಪು ಮಾಡಲು ರಂದ ಹೊಡೆಯುವ ಯಂತ್ರಕ್ಕೆ ಸಿಕ್ಕಿ ಬಲಗೈಯ ಮೂರು ಬೆರಳು ಹೋದ ವರ್ಷ, 2006ರಲ್ಲಿ, ನಾನು ಬಡಿಗತನ ಬಿಟ್ಟೆ. ಉಳಿ, ಬಾಚಿ, ಗರಗಸ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದೆ. ಕಿತ್ತೂರಿನ ನೀಲಪ್ಪನೂ ಬಡಿಗನೇ. ಬರುವ ಸೋಮವಾರ ಬಂದು ಪೆಟ್ಟಿಗೆ ಒಯ್ಯುತ್ತೇನೆಂದಿದ್ದ.

ಪೆಟ್ಟಿಗೆ ತುಂಬುವುದಕ್ಕೂ ತಿಂಗಳು ಮೊದಲೇ, ಕೈಯ ಗಾಯ ಮಾಯುತ್ತಿದ್ದಾಗ, ಬೈಲಹೊಂಗಲದ ನಮ್ಮ ಓಣಿಯಲ್ಲಿ ಕಂಪ್ಯೂಟರ್ ಕಲಿಸುವ ಸಂದೀಪ ಹಳೆಯದೊಂದು ಕಂಪ್ಯೂಟರನ್ನು ಪಡಸಾಲೆಯಲ್ಲಿ ತಂದಿಟ್ಟಿದ್ದ.

"ಮಾದೇವ ಕಾಕಾ, ಎಡಗೈ ಯಾಕ ಸುಮ್ನ ಕುಂದ್ರಬೇಕು? ಇದರಾಗ ಒಂದು ಆಟ ಐತಿ. ಭಾಗ ಜೋಡಿಸಿ ರಾಕೆಟ್ ಕಟ್ರಿ, ಹಾರಸ್ರಿ."

ಅವನು ತೋರಿಸಿದ ಚಿತ್ರ ಅರವತ್ತು ವರ್ಷದ ಹಿಂದಿನ ಮಹಾಯುದ್ಧದ ಕ್ಷಿಪಣಿಯದು. ಆಟದಲ್ಲಿ ತೂಕ, ಗಾಳಿ ಎಲ್ಲ ನಿಜದಂತೆಯೇ. ಎಡಗೈಯಿಂದ ಆ ಚಿತ್ರದಂತೆಯೇ ಒಡಲು ಕಟ್ಟಿದೆ, ಎಣ್ಣೆಯ ತೊಟ್ಟಿ ಕೂರಿಸಿದೆ, ಬುಡಕ್ಕೆ ನಾಲ್ಕು ರೆಕ್ಕೆ ಹಚ್ಚಿದೆ. ಮೂತಿಯಲ್ಲಿ ಸಿಡಿಮದ್ದು ತುಂಬಬೇಕಿತ್ತು. ಶಿವನೇ, ಆಟವೇ ಆದರೂ ಊರು ಸುಡುವುದನ್ನು ಈ ಕೈ ತುಂಬುವುದು ಬೇಡ ಎಂದು ಖಾಲಿ ಬಿಟ್ಟೆ.

ಹಾರಿಸಿದಾಗಲೆಲ್ಲ ಅದು ತುಸು ಏರಿ, ಲಾಗ ಹೊಡೆದು ಬೀಳುತ್ತಿತ್ತು. ಸೋಮವಾರದೊಳಗೆ ಇದೊಂದು ನೆಟ್ಟಗೆ ಹಾರಿದರೆ ಪೆಟ್ಟಿಗೆ ಇಟ್ಟುಕೊಳ್ಳುವೆ, ಇಲ್ಲವಾದರೆ ಈ ಕೈಯಿಂದ ಇನ್ನೇನೂ ಆಗದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ರವಿವಾರ ಮಧ್ಯಾಹ್ನ ಮತ್ತೆ ಬಿತ್ತು. ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮವ್ವ ರಾಚವ್ವ ಮೊರ ಇಳಿಸಿ ನಕ್ಕಳು.

"ಕುಡದಾಂವ ಬಿದ್ದಂಗ ಬೀಳತೈತಲ್ಲೋ. ಮೂತ್ಯಾಗ ಏನ ಇಟ್ಟೀ?"

"ಏನೂ ಇಲ್ಲವ್ವ. ಅದು ಮದ್ದಿನ ಜಾಗಾ. ಊರು ಸುಡೂದು ಬ್ಯಾಡ ಶಿವನೇ ಅಂತ ಖಾಲಿ ಬಿಟ್ಟೇನಿ."

"ಸಣ್ಣಾಂವಿದ್ದಾಗ ಸಂಪಗಾಂವದ ಹೊಲದಾಗ ದಂಟಿನ ಬಾಣ ಮಾಡತಿದ್ದಿ. ತುದೀಗೆ ಏನ ಮೆತ್ತತಿದ್ದಿ?"

"ಹಸಿ ಮಣ್ಣು."

"ಮೆತ್ತಲಿಲ್ಲಂದ್ರ?"

"ತಿರುಗಿ ಬೀಳತಿತ್ತು," ಅಂದವನು ಪರದೆಯ ಮೇಲಿನ ಖಾಲಿ ಮೂತಿಯತ್ತ ನೋಡಿದೆ.

"ಬಡಿಗ್ಯಾನಂತ, ಬಡಿಗ್ಯಾ. ಮದ್ದು ಬ್ಯಾಡಾಗಿದ್ರ ಜ್ವಾಳಾ ತುಂಬು. ಖಾಲಿ ಬಿಡು ಅಂತ ಶಿವಾ ಹೇಳ್ಯಾನೇನು?"

ಮೂತಿಯಲ್ಲಿ ಬರೀ ತೂಕ ಇಟ್ಟೆ: ಸಾವಿರ ಕಿಲೋ, ಹತ್ತು ಚೀಲ ಜೋಳದಷ್ಟು. ಬೆಂಕಿ ಉಗುಳಿ ಅದು ಎದ್ದಿತು. ಈ ಸಲ ಹೊರಳಲಿಲ್ಲ. ಗರತಿ ಕೊಡ ಹೊತ್ತು ನಡೆದಂತೆ ನೆಟ್ಟಗೆ ಏರಿತು. ಪರದೆಯ ಆಕಾಶ ಕಪ್ಪಾಗುವವರೆಗೂ ಏರಿ, ಮೆಲ್ಲಗೆ ಬಾಗಿ, ದೂರದ ನೀರಿಗಿಳಿಯಿತು.

"ಜ್ವಾಳಾ ಎಲ್ಲಿ ಬಿತ್ತು?" ಅವ್ವ ಕೇಳಿದಳು.

"ಸಮುದ್ರದಾಗ."

"ಮೀನಿಗೆ ಆತು ಬಿಡು."

ಸೋಮವಾರ ನೀಲಪ್ಪ ಬಂದ. "ನಿನಗ ಸುಮ್ನ ತ್ರಾಸ ಕೊಟ್ಟೆ. ಪೆಟಗಿ ಕೊಡಾಂಗಿಲ್ಲ, ಉಂಡು ಹೋಗು," ಅಂದೆ. ಗೊಣಗಿದ, ಆದರೆ ಎರಡು ರೊಟ್ಟಿ ಹೆಚ್ಚೇ ಉಂಡ.

ಅವನು ಹೋದ ಮೇಲೆ ಬಾಚಿಗೆ ವಿಭೂತಿ ಹಚ್ಚಿ ಎಡಗೈಯಲ್ಲಿ ಹಿಡಿದೆ. ಮೊದಲು ಮಾಡಿದ್ದು ಅವ್ವನಿಗೊಂದು ಮಣೆ. ತುಸು ಸೊಟ್ಟ. ಅವಳು ಅದರ ಮೇಲೆಯೇ ಕುಳಿತು ಜೋಳ ಹಸನು ಮಾಡುತ್ತಾಳೆ. ಒಂದು ಕೈ ಉಳಿಸಿದ ಶಿವನಿಗೂ ಹಸಿ ಮಣ್ಣಿನ ನೆನಪು ಕೊಟ್ಟ ಅವ್ವನಿಗೂ ದಿನಾ, ಉಳಿದ ಏಳು ಬೆರಳು ಜೋಡಿಸಿ ಕೈಮುಗಿಯುತ್ತೇನೆ.